ಟ್ಯಾಂಕಿನ ಮಗ್ಗುಲು

ಡಿಪೋ ಮಾಮ ನೌಕರಿಯ ಉದ್ದಕ್ಕೂ ಬಸ್ಸು ಓಡಿಸಿದವರು. ಆದರೆ ಒಬ್ಬನೇ ಒಬ್ಬ ಪ್ರಯಾಣಿಕನನ್ನೂ ಎಲ್ಲಿಗೂ ಮುಟ್ಟಿಸಿದವರಲ್ಲ. ಅವರ ಕೆಲಸವೆಲ್ಲ ಬಸ್ ಡಿಪೋದ ಗೇಟಿನೊಳಗೆ. ಊರು ಸುತ್ತಿ ಸುಸ್ತಾಗಿ ಬಂದ ಬಸ್ಸನ್ನು ಡ್ರೈವರು ಗೇಟಿನ ಹತ್ತಿರ ಬಿಟ್ಟು ಮುಖ ತೊಳೆಯಲು ಹೋದನೆಂದರೆ, ಅಲ್ಲಿಂದ ಮುಂದೆ ಅದು ಮಾಮನ ಕೂಸು. ಮೊದಲು ಡೀಸೆಲ್ ಪಂಪಿಗೆ, ಅಲ್ಲಿಂದ ತೊಳೆಯುವ ಜಾಗಕ್ಕೆ, ಏನಾದರೂ ಕೆಟ್ಟಿದ್ದರೆ ರಿಪೇರಿ ಗುಂಡಿಯ ಮೇಲಕ್ಕೆ, ಕೊನೆಗೆ ಸಾಲಿಗೆ. ನಾಳೆ ಮೊದಲು ಹೊರಡುವ ಬಸ್ಸು ಎಲ್ಲಕ್ಕಿಂತ ಮುಂದೆ, ಕೊನೆಗೆ ಹೊರಡುವುದು ಎಲ್ಲಕ್ಕಿಂತ ಹಿಂದೆ. ಎರಡು ಬಸ್ಸಿನ ನಡುವೆ ಒಬ್ಬ ಮನುಷ್ಯ ಮೈ ಅಡ್ಡ ಮಾಡಿಕೊಂಡು ನುಸುಳುವಷ್ಟೇ ಸಂದು. ಈ ಕೆಲಸಕ್ಕೆ ಬೇಕಾದದ್ದು ಮೊದಲನೇ ಗೇರು, ರಿವರ್ಸ್ ಗೇರು, ಅಪರೂಪಕ್ಕೊಮ್ಮೆ ಎರಡನೆಯದು. ಲೈಸೆನ್ಸ್ ಪರೀಕ್ಷೆಯ ದಿನ ಹಾಕಿದ್ದ ಮೂರನೇ ಗೇರನ್ನು ಮಾಮ ಆಮೇಲೆ ಮುಟ್ಟಲೇ ಇಲ್ಲ.

ರಸ್ತೆಗೆ ಹೋಗುವ ಅವಕಾಶ ಬಂದಾಗಲೆಲ್ಲ ಮ್ಯಾನೇಜರು ಬೆನ್ನು ತಟ್ಟಿ, "ನೀನು ಹೊರಗೆ ಹೋದ್ರೆ ಒಳಗಿನವನ್ನ ಯಾರಯ್ಯಾ ಜೋಡಿಸ್ತಾರೆ?" ಎನ್ನುತ್ತಿದ್ದರು. ಮೊದಮೊದಲು ಆ ಮಾತು ಕೇಳಿ ಬೇಸರವಾಗುತ್ತಿತ್ತು. ಆಮೇಲೆ ಆ ಮಾತು ಕೇಳಿಸದಿದ್ದರೆ ಬೇಸರವಾಗತೊಡಗಿತು. ಇನ್ನೂ ಆಮೇಲೆ, ಯಾರ ಹತ್ತಿರವೂ ಹೇಳಿಕೊಳ್ಳದ ಒಂದು ಅಳುಕು ಒಳಗೆ ಸೇರಿಕೊಂಡಿತು. ಗೇಟಿನ ಒಳಗೆ ಎದುರಿನಿಂದ ಯಾರೂ ಬರುವುದಿಲ್ಲ. ಹೊರಗೆ ಎಲ್ಲರೂ ಎದುರಿನಿಂದಲೇ ಬರುತ್ತಾರೆ.

"ನಮ್ಮಣ್ಣ ಓಡಿಸಿದ ದೂರ ಕೂಡಿಸಿದ್ರೆ ಭೂಮಿನೇ ಸುತ್ತಿಬಿಡಬಹುದು," ಎಂದು ತಂಗಿ ಬಂದವರಿಗೆಲ್ಲ ಹೇಳುತ್ತಿದ್ದಳು. "ಆದ್ರೆ ಭೂಮಿ ಗೇಟಿನ ಆಚೆ ಇದೆಯಲ್ಲ, ಅದೇ ತೊಂದ್ರೆ."

ಗಂಡ ತೀರಿಕೊಂಡ ಮೇಲೆ ಹೊಲಿಗೆ ಯಂತ್ರವೊಂದನ್ನು ಹೊತ್ತುಕೊಂಡು ಅಣ್ಣನ ಮನೆಗೆ ಬಂದವಳು ಆಕೆ. ಯಂತ್ರವನ್ನು ಮುಂದಿನ ಕೋಣೆಯ ಕಿಟಕಿಗೆ ಆನಿಸಿಟ್ಟುಕೊಂಡು ಶಾಲೆಯ ಮಕ್ಕಳ ಸಮವಸ್ತ್ರ ಹೊಲಿಯುತ್ತಾಳೆ. ಕೂದಲು ನೆರೆತರೂ ಮಾಮನಿಗೆ ಆಕೆ ಪುಟ್ಟಿಯೇ. ಮಾಮ ಮದುವೆಯಾಗಲಿಲ್ಲ. ಯಾಕೆಂದು ಯಾರಾದರೂ ಕೇಳಿದರೆ ಪುಟ್ಟಿಯೇ ಸೂಜಿಗೆ ದಾರ ಪೋಣಿಸುತ್ತ ಉತ್ತರ ಕೊಟ್ಟುಬಿಡುತ್ತಾಳೆ: "ಅದಕ್ಕೂ ಹೊರಗೆ ಹೋಗಬೇಕಿತ್ತಲ್ಲ."

ನಿವೃತ್ತಿಯಾದ ಮೇಲೆ ಮಾಮನಿಗೆ ಕೈ ಕಟ್ಟಿಹಾಕಿದಂತಾಗಬೇಕಿತ್ತು. ಹಾಗಾಗದಂತೆ ನೋಡಿಕೊಂಡದ್ದು ಅವರು ಇದ್ದ ಬೀದಿ. ಅದೊಂದು ಇಕ್ಕಟ್ಟಾದ, ಕೊನೆ ಮುಚ್ಚಿದ ಬೀದಿ. ಹೋದ ದಾರಿಯಲ್ಲೇ ವಾಪಸು ಬರಬೇಕು. ಒಂದು ಕಡೆ ಒತ್ತೊತ್ತಾಗಿ ಮನೆಗಳು, ಇನ್ನೊಂದು ಕಡೆ ಹಳೆಯ ಗೋದಾಮಿನ ಉದ್ದನೆಯ ಸುಣ್ಣದ ಗೋಡೆ. ಕಾರುಗಳೆಲ್ಲ ಆ ಗೋಡೆಯ ಬದಿಗೇ ನಿಲ್ಲಬೇಕು. ಒಳಗಿನವರು ಹೊರಡಬೇಕೆಂದರೆ ಹೊರಗಿನವರು ಏಳಬೇಕು. ಬೆಳಗಾದರೆ ಹಾರನ್ನು, ಬಾಗಿಲು ಬಡಿತ, ಹಲ್ಲುಜ್ಜುತ್ತಲೇ ಜಗಳ. ಅದನ್ನು ಒಂದು ವಾರ ಮಾಮ ಸುಮ್ಮನೆ ನೋಡಿದರು. ಎರಡನೇ ವಾರ ತಡೆದುಕೊಳ್ಳಲಾಗದೆ ಬೇಕರಿಯವನ ಹತ್ತಿರ ಕೇಳಿಯೇಬಿಟ್ಟರು: "ನಿನ್ನ ವ್ಯಾನಿನ ಕೀ ಒಂದು ನನ್ನ ಹತ್ರ ಇರ್ಲಿ. ಮಿಕ್ಕಿದ್ದು ನನಗೆ ಬಿಡು."

ಬೇಕರಿಯವನದಾದ ಮೇಲೆ ನರ್ಸಮ್ಮನದು, ಆಮೇಲೆ ಸಂಗೀತದ ಟೀಚರದು, ಹೀಗೆ ಒಬ್ಬೊಬ್ಬರದಾಗಿ ಬೀದಿಯ ಕೀಲಿಗಳೆಲ್ಲ ಮಾಮನ ಮನೆ ಸೇರಿದವು. ಕೊನೆಗೆ ಬಂದದ್ದು ತುದಿಮನೆಯ ಬ್ಯಾಂಕಿನವರ ಹೊಸ ಕಾರಿನ ಕೀಲಿ. ಮಾಮ ಒಂದು ಹಲಗೆಗೆ ಸಾಲಾಗಿ ಮೊಳೆ ಹೊಡೆದು ಹೊಲಿಗೆ ಯಂತ್ರದ ಮೇಲುಗಡೆ ತೂಗುಹಾಕಿದರು. ಸಂಜೆ ಎಲ್ಲರೂ ಬಂದಮೇಲೆ ಕಾರುಗಳನ್ನು ಜೋಡಿಸುವುದು, ಬೆಳಗ್ಗೆ ಒಂದೊಂದನ್ನೇ ದಾರಿಗೆ ಬಿಡುವುದು. ಮಾಮ ಬೀದಿಯ ಬಾಯಿಯ ತನಕ ಓಡಿಸುತ್ತಾರೆ, ಅಲ್ಲಿ ಇಳಿದು ಮಾಲೀಕರಿಗೆ ಒಪ್ಪಿಸುತ್ತಾರೆ. ಮುಂದಿನದು ರಸ್ತೆ, ಅದು ಅವರ ಸೀಮೆಯಲ್ಲ.

ಹಲಗೆಯ ಎದುರು ನಿಂತಾಗ ಮಾಮನ ಮುಖ ನೋಡಬೇಕು. ಮಕ್ಕಳ ತಲೆ ಸವರುವ ಹಾಗೆ ಕೀಲಿಗಳನ್ನು ಬೆರಳಿನಿಂದ ಸವರುತ್ತಿದ್ದರು. "ದೃಷ್ಟಿ ತೆಗೀಲಾ?" ಎಂದು ಪುಟ್ಟಿ ಕೇಳಿದರೂ ಕಿವಿಗೆ ಬೀಳುತ್ತಿರಲಿಲ್ಲ.

ಪೆಟ್ರೋಲು ಕಳುವಾಗತೊಡಗಿದ್ದು ಸೆಕೆಗಾಲದ ಆರಂಭದಲ್ಲಿ. ಮೊದಲು ಸಂಗೀತದ ಟೀಚರು, ತುಂಬಿಸಿದ ಟ್ಯಾಂಕು ಇಷ್ಟು ಬೇಗ ಇಳಿಯಿತಲ್ಲ ಎಂದುಕೊಂಡರು. ಮೈಲೇಜು ಬಿದ್ದಿರಬೇಕೆಂದು ಮೆಕ್ಯಾನಿಕ್ಕಿಗೆ ತೋರಿಸಿದರು. ಆಮೇಲೆ ಬೇಕರಿಯವನ ವ್ಯಾನು. ಅದಾದ ಮೇಲೆ ನರ್ಸಮ್ಮ. ಅವಳು ಮನೆಮನೆಗೆ ಹೋಗಿ ಹಾಸಿಗೆ ಹಿಡಿದವರಿಗೆ ಗಾಯ ಕಟ್ಟುವವಳು, ಇಂಜೆಕ್ಷನ್ ಕೊಡುವವಳು. ಬೆಳ್ಳಂಬೆಳಗ್ಗೆ ಒಬ್ಬ ಮುದುಕಿಯ ಮನೆಗೆ ಹೊರಟವಳ ಕಾರು ನಟ್ಟನಡುರಸ್ತೆಯಲ್ಲಿ ಕೆಮ್ಮಿ ನಿಂತುಬಿಟ್ಟಿತು. ಕೈಚೀಲ ಹೆಗಲಿಗೇರಿಸಿ ಅವಳು ಓಡಿದಳು. ಮುದುಕಿ ಹೊತ್ತಿಗೆ ಸರಿಯಾಗಿ ಇಂಜೆಕ್ಷನ್ ಸಿಗದೆ ಆಗಲೇ ತಲೆಸುತ್ತಿ ಒರಗಿದ್ದಳಂತೆ. ಅದೃಷ್ಟ ಚೆನ್ನಾಗಿತ್ತು, ಚೇತರಿಸಿಕೊಂಡಳು.

ಆ ಸಂಜೆ ಬೀದಿಯವರೆಲ್ಲ ಗೋಡೆಯ ಪಕ್ಕ ಸೇರಿದರು. ಪೊಲೀಸರಿಗೆ ಹೇಳಿಯಾಗಿತ್ತು, ಅವರು ಬರೆದುಕೊಂಡು, ಹುಷಾರಾಗಿರಿ ಎಂದಿದ್ದರು. ಬ್ಯಾಂಕಿನವರು ನರ್ಸಮ್ಮನ ಕಾರಿನ ಟ್ಯಾಂಕಿನ ಮುಚ್ಚಳವನ್ನು ಬಗ್ಗಿ ನೋಡಿದರು, ಕನ್ನಡಕ ತೆಗೆದು ಒರೆಸಿ ಮತ್ತೆ ನೋಡಿದರು.

"ಒಡೆದಿಲ್ಲ, ಮುರಿದಿಲ್ಲ," ಎಂದರು. "ಈ ಮುಚ್ಚಳ ತೆರೀಬೇಕಾದ್ರೆ ಡ್ರೈವರ್ ಸೀಟಿನ ಪಕ್ಕದ ಲಿವರ್ ಎತ್ತಬೇಕು. ಲಿವರ್ ಎತ್ತಬೇಕಾದ್ರೆ ಬಾಗಿಲು ತೆಗೀಬೇಕು. ಬಾಗಿಲಿಗೆ ಕೀ ಬೇಕು."

ಯಾರೂ ಮಾಮನ ಕಡೆ ನೋಡಲಿಲ್ಲ. ಹಾಗೆ ಯಾರೂ ನೋಡದಿದ್ದುದೇ ಮಾಮನಿಗೆ ಮುಖಕ್ಕೆ ರಾಚಿದಂತಾಯಿತು.

ಮರುದಿನ ಬ್ಯಾಂಕಿನವರು ಬಾಗಿಲಲ್ಲಿ ನಿಂತು, "ಇನ್ಶೂರೆನ್ಸ್‌ನವರು ಎರಡೂ ಕೀ ಕೇಳ್ತಿದ್ದಾರೆ," ಎಂದರು. ಟೀಚರು, ತಮ್ಮ ತಂಗಿಯ ಮಗ ಕಾರು ಕಲಿಯುತ್ತಾನೆ ಎಂದರು. ಬೇಕರಿಯವನಿಗೆ ನೆಪ ಹುಡುಕಲು ಬರಲಿಲ್ಲ, ತಲೆ ಕೆರೆದುಕೊಂಡು, "ಮಾಮ, ಮನೇಲಿ ಹೇಳ್ತಿದ್ದಾರೆ..." ಎಂದು ಅರ್ಧಕ್ಕೇ ನಿಲ್ಲಿಸಿದ. ಮಾಮ ಮೊಳೆಯಿಂದ ಕೀಲಿ ತೆಗೆದು, ಅಂಗಿಯ ಚುಂಗಿನಿಂದ ಒರೆಸಿ, ಕೈಗೆ ಕೊಟ್ಟರು. ನರ್ಸಮ್ಮ ಬರಲಿಲ್ಲ. ಅವಳ ಕೀಲಿಯನ್ನು ಮಾಮನೇ ಒಯ್ದು, ಅವಳು ಮನೆಯಲ್ಲಿಲ್ಲದ ಹೊತ್ತು ನೋಡಿ, ಬಾಗಿಲ ಸಂದಿಯಿಂದ ಒಳಗೆ ಸರಿಸಿ ಬಂದರು. ಅವಳ ಬಾಯಿಂದ ಕೇಳಿಸಿಕೊಳ್ಳುವ ಧೈರ್ಯ ಅವರಿಗಿರಲಿಲ್ಲ.

ಅದಾದ ಮೇಲೆ ಕೆಲವು ದಿನ ಕಳ್ಳತನ ನಡೆಯಲಿಲ್ಲ. ಮಾಮನ ಪಾಲಿಗೆ ಅದು ಇನ್ನೂ ಕೆಟ್ಟದ್ದಾಯಿತು. "ಕೀ ತಗೊಂಡ್ಮೇಲೆ ನಿಂತೇಹೋಯ್ತು ನೋಡಿ," ಎಂಬ ಮಾತು ನಲ್ಲಿಯ ಹತ್ತಿರ ಪುಟ್ಟಿಯ ಕಿವಿಗೇ ಬಿತ್ತು. ಆಕೆ ಬಕೆಟ್ಟನ್ನು ಸದ್ದು ಮಾಡಿ ಇಟ್ಟು, "ಹೌದು, ನಮ್ಮಣ್ಣ ಪೆಟ್ರೋಲು ಕುಡಿದೇ ಇಷ್ಟು ಸಣ್ಣಗಿರೋದು," ಎಂದು ಹೇಳಿ ಬಂದಳು. ಮನೆಗೆ ಬಂದ ಮೇಲೆ ಮಾತ್ರ ಯಂತ್ರ ತುಳಿಯುವ ಕಾಲು ಆಡಲಿಲ್ಲ. ತಲೆಯ ಮೇಲೆ ಬರಿಯ ಮೊಳೆಗಳ ಹಲಗೆ.

"ಇದನ್ನ ತೆಗೆದಿಡ್ಲಾ ಅಣ್ಣಾ?"

"ಇರ್ಲಿ ಬಿಡು," ಎಂದರು ಮಾಮ. "ಅದು ಯಾರಿಗೇನು ಮಾಡ್ತು?"

ಕೆಲಸವಿಲ್ಲದ ಮನುಷ್ಯನಿಗೆ ಮಧ್ಯಾಹ್ನದ ನಿದ್ದೆಯೂ ಮುನಿಸಿಕೊಳ್ಳುತ್ತದೆ. ಒಂದು ದಿನ ಉರಿಬಿಸಿಲಲ್ಲಿ ಮಾಮ ಹೊಸಲಿನ ಮೇಲೆ ಕೂತಿದ್ದರು. ಕಾರುಗಳೆಲ್ಲ ಕೆಲಸಕ್ಕೆ ಹೋಗಿದ್ದವು. ಬೀದಿ ಬಟ್ಟಂಬಯಲು. ಅಷ್ಟು ಖಾಲಿಯಾದ ಬೀದಿಯನ್ನು ಅವರು ಕಣ್ಣಿಟ್ಟು ನೋಡಿದ್ದು ಅದೇ ಮೊದಲು. ಟಾರಿನ ಮೇಲೆ ಅಲ್ಲೊಂದು ಇಲ್ಲೊಂದು ಕಪ್ಪು ಕಲೆ ಕಂಡಿತು. ಪೆಟ್ರೋಲು ಚೆಲ್ಲಿದರೆ ಟಾರು ಮೆತ್ತಗಾಗಿ ಹಾಗೆ ಕಪ್ಪಿಡುತ್ತದೆ. ಮಾಮ ಎದ್ದುಹೋಗಿ ಬಗ್ಗಿ ನೋಡಿದರು. ಮುಂದಿನದನ್ನು ನೋಡಿದರು. ಬೀದಿಯ ಕೊನೆಯ ತನಕ ನಡೆದು ತಿರುಗಿ ನಿಂತರು.

ಕಲೆಗಳೆಲ್ಲ ಒಂದೇ ಗೆರೆಯಲ್ಲಿದ್ದವು, ದಾರ ಹಿಡಿದು ಎಳೆದ ಹಾಗೆ. ಗೋಡೆಯ ಬದಿಯಲ್ಲಿ ಒಂದೂ ಇಲ್ಲ. ಎಲ್ಲವೂ ಬೀದಿಯ ಕಡೆಗೆ.

ಅಂಥ ಗೆರೆಯೊಂದನ್ನು ಮಾಮ ಮೊದಲು ನೋಡಿದ್ದರು. ಡಿಪೋದಲ್ಲಿ, ಡೀಸೆಲ್ ಪಂಪಿನ ಪಕ್ಕದ ನೆಲದಲ್ಲಿ. ಪಂಪಿನ ಪೈಪು ಗಿಡ್ಡ. ಬಸ್ಸಿನ ಟ್ಯಾಂಕು ಆಚೆ ಮಗ್ಗುಲಿಗೆ ಬಂದರೆ ಮುಟ್ಟುವುದಿಲ್ಲ. ಹಾಗಾಗಿ ಬಸ್ಸು ಎಲ್ಲೇ ನಿಲ್ಲಲಿ, ಟ್ಯಾಂಕಿನ ಮಗ್ಗುಲು ತೆರೆದ ಕಡೆಗೇ ಇರಬೇಕೆಂಬುದು ಮಾಮನ ಕೈಗೆ ಅಂಟಿದ ಪಾಠ. ಟ್ಯಾಂಕು ಕೆಲವು ಕಾರುಗಳಿಗೆ ಎಡಕ್ಕಿರುತ್ತದೆ, ಕೆಲವಕ್ಕೆ ಬಲಕ್ಕೆ. ಎಡದವನ್ನು ಒಂದು ದಿಕ್ಕಿಗೆ, ಬಲದವನ್ನು ಇನ್ನೊಂದು ದಿಕ್ಕಿಗೆ ಮುಖ ಮಾಡಿಸಿ, ಎಲ್ಲ ಟ್ಯಾಂಕುಗಳೂ ಬೀದಿಯ ಕಡೆಗೆ ಬರುವಂತೆ ಅವರು ನಿಲ್ಲಿಸುತ್ತ ಬಂದಿದ್ದರು. ಇಲ್ಲಿ ಪಂಪಿಲ್ಲ, ಪೈಪಿಲ್ಲ ಎಂದು ಕೈಗೆ ಯಾರು ಹೇಳಬೇಕು? ಕೀಲಿ ವಾಪಸು ಪಡೆದವರೂ ಅಭ್ಯಾಸಬಲದಿಂದ ಅದೇ ದಿಕ್ಕಿಗೇ ನಿಲ್ಲಿಸುತ್ತಿದ್ದರು.

ಮನೆಗೆ ಬಂದು ಒಂದು ಚೊಂಬು ನೀರು ಕುಡಿದು, "ಪುಟ್ಟಿ, ಆ ಕಳ್ಳನಿಗೆ ನಾನೇ ಎಲೆ ಹಾಕಿ ಬಡಿಸಿದ್ದೀನಿ ಕಣೆ," ಎಂದರು.

"ನೀನು ಮನೇಲೇ ಯಾರಿಗೂ ಬಡಿಸಿದವನಲ್ಲ. ಏನಾಯ್ತು ಹೇಳು."

ಹೇಳಿದರು. ಪುಟ್ಟಿ ಯಂತ್ರದ ಚಕ್ರ ಹಿಡಿದು ನಿಲ್ಲಿಸಿದಳು.

"ಟ್ಯಾಂಕನ್ನ ಗೋಡೆಗೆ ಒತ್ತಿ ನಿಲ್ಲಿಸಿದ್ರೆ ಕಳ್ಳನ ಕೈಯೇ ತೂರಲ್ಲ," ಎಂದರು ಮಾಮ. "ಒಂದು ಸಂಜೆ ಎಲ್ಲಾ ಕೀ ನನ್ನ ಕೈಲಿದ್ರೆ ಸಾಕು."

"ಕೊಡ್ತಾರಾ? ನೀನು ಹೋಗಿ ಇದನ್ನ ಹೇಳಿದ್ರೆ, ನೋಡಿ ತಾನಾಗೇ ಬಾಯಿಬಿಟ್ಟ ಅಂತಾರೆ. ಕೊಟ್ರು ಅಂತಲೇ ಇಟ್ಕೋ. ಆಮೇಲೆ ಒಂದು ತೊಟ್ಟು ಹೋದ್ರೂ ನಿನ್ನ ತಲೆ ಮೇಲೇ ಬರುತ್ತೆ."

"ಬರುತ್ತೆ."

"ಗೊತ್ತಿದ್ದೂ ಹೋಗ್ತೀಯ?"

"ಸುಮ್ಮನಿದ್ರೆ ಆ ನರ್ಸಮ್ಮ ಮತ್ತೆ ರಸ್ತೇಲಿ ಓಡ್ಬೇಕಾಗುತ್ತೆ," ಎಂದರು ಮಾಮ, ಚಪ್ಪಲಿ ಹುಡುಕುತ್ತ.

ನರ್ಸಮ್ಮ ಆಗಷ್ಟೇ ಕೆಲಸದಿಂದ ಬಂದು, ಕಾಲನ್ನು ಬಿಸಿನೀರಿನ ಬೋಗುಣಿಯಲ್ಲಿ ಇಳಿಬಿಟ್ಟು ಕೂತಿದ್ದಳು. ಮಾಮ ಬಾಗಿಲಲ್ಲೇ ನಿಂತು, ಕಲೆಗಳ ಗೆರೆಯಿಂದ ಹಿಡಿದು ಪಂಪಿನ ಗಿಡ್ಡ ಪೈಪಿನ ತನಕ ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದರು. ಅವಳು ಪಕ್ಕದಲ್ಲಿದ್ದ ಕೈಚೀಲ ಎಳೆದುಕೊಂಡು ಬಾಯಿ ಬಿಚ್ಚಿ ತೋರಿಸಿದಳು. ಬ್ಯಾಂಡೇಜು, ಹತ್ತಿ, ಅವುಗಳ ಅಡಿಯಲ್ಲಿ ಬೀಗದ ಕೈಗಳ ಗೊಂಚಲು.

"ಇವೆಲ್ಲ ಎದ್ದು ಬಾಗಿಲು ತೆಗೀಲಾರದವರ ಮನೇವು ಮಾಮ. ಒಂದು ಮನೇವ್ರು ಬೀಗದ ಕೈ ವಾಪಸ್ ಕೇಳಿದ್ರು, ಒಂದ್ಸಲ. ಉಂಗುರ ಕಾಣ್ತಿಲ್ಲ ಅಂತ. ಆಮೇಲೆ ಉಂಗುರ ಸೋಪಿನ ಡಬ್ಬೀಲಿ ಸಿಕ್ತಂತೆ." ಒದ್ದೆ ಕಾಲನ್ನು ಒರೆಸಿಕೊಂಡಳು. "ಬೀಗದ ಕೈ ಮಾತ್ರ ನನಗೆ ಮತ್ತೆ ಕೊಡ್ಲಿಲ್ಲ. ಈಗ್ಲೂ ಆ ಮನೆ ಮುಂದೆ ಹೋಗುವಾಗ ಕೈ ತಾನಾಗೇ ಚೀಲಕ್ಕೆ ಹೋಗುತ್ತೆ."

ಒಳಗೆ ಹೋಗಿ ಕಾರಿನ ಕೀಲಿ ತಂದಳು.

"ಬಾಗಿಲ ಸಂದೀಲಿ ಯಾಕೆ ತೂರಿಸಿ ಹೋದ್ರಿ? ನಾನು ಕೇಳಿದ್ನಾ?"

ಮಾಮ ಕೀಲಿಗೆ ಕೈ ಒಡ್ಡಿದರು.

"ಅದಕ್ಕೊಂದು ದಂಡ ಇದೆ. ಎಲ್ಲಾ ಸರಿಹೋದ್ಮೇಲೆ ಒಂದಿನ ನನ್ನನ್ನ ಪೆಟ್ರೋಲ್ ಪಂಪಿಗೆ ನೀವೇ ಕರ್ಕೊಂಡು ಹೋಗ್ಬೇಕು. ರಸ್ತೆ ಮೇಲೆ."

"ಅದೊಂದು ಬಿಟ್ಟು ಬೇರೆ ಹೇಳಮ್ಮಾ."

"ಬೇರೆ ಇಲ್ಲ."

ಬೇಕರಿಯವನನ್ನು ಒಪ್ಪಿಸಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ಕೀಲಿ ತೆಗೆದುಕೊಂಡು ಹೋದಾಗಿನಿಂದ ದಿನ ಬೆಳಗಾದರೆ ಅವನ ವ್ಯಾನಿಗೆ ಯಾರದಾದರೂ ಕಾರು ಅಡ್ಡ. ಬ್ರೆಡ್ಡು ತಲುಪುವಷ್ಟರಲ್ಲಿ ಅಂಗಡಿಯವರು ಬೇರೆಯವನಿಂದ ಕೊಂಡುಬಿಟ್ಟಿರುತ್ತಿದ್ದರು. "ಕಳ್ಳ ಒಯ್ದದ್ದಕ್ಕಿಂತ ಈ ಅಡ್ಡಗಾಡಿಗಳೇ ನನ್ನನ್ನ ಮುಳುಗಿಸಿದ್ವು," ಎನ್ನುತ್ತ ಕೀಲಿ ಇಟ್ಟ. ಟೀಚರು ನರ್ಸಮ್ಮನ ಮುಖ ನೋಡಿ ಕೊಟ್ಟರು. ಮಿಕ್ಕವರು ಟೀಚರ ಮುಖ ನೋಡಿ ಕೊಟ್ಟರು.

ಬ್ಯಾಂಕಿನವರು ಕೊಡಲಿಲ್ಲ. ಮಾತು ಮೆತ್ತಗೇ ಇತ್ತು. "ನಿಮ್ಮ ಮೇಲೆ ನನಗೇನೂ ದ್ವೇಷ ಇಲ್ಲ. ಆದ್ರೆ ಲೆಕ್ಕ ಅಂದ್ರೆ ಲೆಕ್ಕ. ಕೀ ಇಲ್ದೆ ಮುಚ್ಚಳ ತೆರಿಯಲ್ಲ."

ಆ ಸಂಜೆ ಬೀದಿಗೆ ಬಿಟ್ಟಿ ತಮಾಷೆ. ಬೆಳಕು ಇರುವಾಗಲೇ ಮಾಮ ಕೆಲಸ ಶುರುಮಾಡಿದರು. ಒಂದೊಂದೇ ಕಾರನ್ನು ಬೀದಿಯ ಬಾಯಿಗೆ ಒಯ್ದು, ಮುಖ ತಿರುಗಿಸಿ, ಹಿಂದಕ್ಕೆ ತಂದು, ಗೋಡೆಗೆ ಆನಿಸಿದರು. ಗೋಡೆಗೂ ಕಾರಿಗೂ ನಡುವೆ ಅಂಗೈ ಅಡ್ಡ ಇಟ್ಟರೆ ಗೀಚುವಷ್ಟೇ ಸಂದು. ಇಲ್ಲೊಂದು ಫಜೀತಿಯಿತ್ತು. ಕೆಲವು ಕಾರುಗಳಲ್ಲಿ ಟ್ಯಾಂಕಿನ ಮಗ್ಗುಲೇ ಡ್ರೈವರಿನ ಮಗ್ಗುಲು. ಗೋಡೆಗೆ ಒತ್ತಿದ ಮೇಲೆ ಆ ಬಾಗಿಲು ತೆರೆಯುವುದಿಲ್ಲ. ಮಾಮ ಗೇರಿನ ಕೋಲನ್ನು ದಾಟಿ, ಪಕ್ಕದ ಸೀಟಿನ ಮೇಲೆ ಮಗುಚಿ, ಆಚೆ ಬಾಗಿಲಿನಿಂದ ಮೊದಲು ಕಾಲು, ಆಮೇಲೆ ಸೊಂಟ, ಕೊನೆಗೆ ತಲೆ ಹೀಗೆ ಕಂತುಕಂತಾಗಿ ಹೊರಬಂದರು.

"ಹೆರಿಗೆ ಸುಸೂತ್ರ," ಎಂದು ಪುಟ್ಟಿ ಕಿಟಕಿಯಿಂದ ಕೂಗಿದಳು. "ನರ್ಸಮ್ಮ, ಗಂಡೋ ಹೆಣ್ಣೋ ನೋಡಿ."

ಬೀದಿಯೆಲ್ಲ ನಕ್ಕಿತು. ಬಹಳ ದಿನಗಳ ಮೇಲೆ ಎಲ್ಲರೂ ಒಟ್ಟಿಗೆ ನಕ್ಕದ್ದು. ಬ್ಯಾಂಕಿನವರು ಮಾತ್ರ ತಮ್ಮ ಕಾರನ್ನು ತಾವೇ, ಎಂದಿನ ದಿಕ್ಕಿಗೆ, ಎಂದಿನ ಜಾಗದಲ್ಲಿ ನಿಲ್ಲಿಸಿ, ಬಾಗಿಲನ್ನು ಎರಡು ಸಲ ಎಳೆದು ನೋಡಿ ಒಳಗೆ ಹೋದರು.

ಅಂದಿನಿಂದ ಮಾಮ ಬೆಳಗ್ಗೆ ಎಲ್ಲರಿಗಿಂತ ಮೊದಲೇ ಏಳತೊಡಗಿದರು. ಎದ್ದವರು ಹಲ್ಲುಜ್ಜುವ ಮೊದಲು ಮುಳ್ಳು ನೋಡುತ್ತಿದ್ದರು. ಪ್ರತಿ ಕಾರಿನ ಕೀಲಿ ತಿರುಗಿಸಿ, ಪೆಟ್ರೋಲಿನ ಮುಳ್ಳು ನಿನ್ನೆ ಇದ್ದ ಜಾಗದಲ್ಲೇ ಇದೆಯೇ ಎಂದು. ಇದ್ದರೆ ಉಸಿರು ಬಿಡುತ್ತಿದ್ದರು. ಮಧ್ಯಾಹ್ನದ ನಿದ್ದೆ ಮರಳಿ ಬಂದರೂ ತಟ್ಟೆಯಲ್ಲಿ ಅರ್ಧ ಅನ್ನ ಉಳಿಯುತ್ತಿತ್ತು. ಪುಟ್ಟಿಗೆ ಅದು ಗೊತ್ತಿತ್ತು. ಕೆಣಕಲಿಲ್ಲ.

ಒಂದು ಬೆಳಗ್ಗೆ ಬೇಕರಿಯವನ ವ್ಯಾನಿನ ಹತ್ತಿರ ಹೋದ ಮಾಮ ಅಲ್ಲೇ ನಿಂತರು. ಗೋಡೆಗೂ ವ್ಯಾನಿಗೂ ನಡುವೆ ಒಂದು ತುಂಡು ಪ್ಲಾಸ್ಟಿಕ್ ಪೈಪು ಸಿಕ್ಕಿಬಿದ್ದಿತ್ತು. ಸುಣ್ಣದ ಗೋಡೆಯ ಮೇಲೆ ಬೆರಳು ಉಜ್ಜಿದ ಗೀರುಗಳು. ತೂರಿಸಲು ನೋಡಿ, ಆಗದೆ, ಎಳೆದುಕೊಳ್ಳಲು ನೋಡಿ, ಅದೂ ಆಗದೆ ಬಿಟ್ಟುಹೋಗಿದ್ದ ಕಳ್ಳ. ಮಾಮ ಒಂದೊಂದೇ ಕಾರಿನ ಮುಳ್ಳು ನೋಡಿದರು. ಎಲ್ಲವೂ ಇದ್ದಲ್ಲೇ ಇದ್ದವು.

ಅಷ್ಟರಲ್ಲಿ ತುದಿಮನೆಯ ಕಡೆಯಿಂದ ಒಂದು ಸದ್ದು. ಸ್ಟಾರ್ಟರು ಗೊರಗೊರ ಅಂದು ನಿಂತಿತು. ಮತ್ತೆ ಗೊರಗೊರ. ಬ್ಯಾಂಕಿನವರು ಕಾರಿನಿಂದ ಇಳಿದು, ಟ್ಯಾಂಕಿನ ಮುಚ್ಚಳದ ಎದುರು ಕೂತರು. ಮುಚ್ಚಳದ ಅಂಚಿನಲ್ಲಿ, ತೆಳ್ಳಗಿನ ತಗಡು ತೂರಿಸಿ ಮೀಟಿದ ಸಣ್ಣದೊಂದು ಗೀರು ಬಿಸಿಲಿಗೆ ಮಿನುಗುತ್ತಿತ್ತು. ಹೊಸ ಬಣ್ಣವಾದ್ದರಿಂದ ಇಲ್ಲಿ ಕಂಡಿತು. ಹಳೆಯ ಕಾರುಗಳ ನೂರೆಂಟು ಗೀರುಗಳ ನಡುವೆ ಯಾರಿಗೂ ಕಂಡಿರಲಿಲ್ಲ. ಕಾರಿನ ಎರಡು ಕೀಲಿಗಳೂ ಅವರ ಬೀರುವಿನಲ್ಲೇ ಇದ್ದವು. ಲೆಕ್ಕ ಅಂದರೆ ಲೆಕ್ಕ.

ಪುಟ್ಟಿಗೆ ನಾಲಿಗೆ ತುರಿಸುತ್ತಿತ್ತು. ಮಾಮ ಕಣ್ಣಲ್ಲೇ ಬೇಡವೆಂದರು. ಆಮೇಲೆ ಬೇಕರಿಯವನನ್ನು ಕರೆದು, "ಬಾರೋ, ಒಂದು ಕೈ ಹಾಕು. ಸಾಹೇಬ್ರನ್ನ ಪಂಪಿನ ತನಕ ನಿನ್ನ ವ್ಯಾನಲ್ಲಿ ಬಿಟ್ಟು ಬಾ, ಡಬ್ಬೀಲಿ ತರ್ಲಿ," ಎಂದರು.

ಸಂಜೆ ಬ್ಯಾಂಕಿನವರು ಬಂದರು. ಒಳಗೆ ಕರೆದರೂ ಹೊಸಲು ದಾಟಲಿಲ್ಲ. ಹಲಗೆಯ ಕಡೆ ನೋಡುತ್ತ ನಿಂತರು. ಕೀಲಿಗಳೆಲ್ಲ ಮರಳಿ ಬಂದು ತೂಗುತ್ತಿದ್ದವು, ಒಂದನ್ನು ಬಿಟ್ಟು.

"ಆ ಮೊಳೆ ಇನ್ನೂ ಖಾಲಿ ಇದೆಯಾ?"

"ಅದು ನಿಮ್ದೇ ಅಲ್ವಾ," ಎಂದರು ಮಾಮ. "ಬೇರೆಯವ್ರಿಗೆ ಹೇಗೆ ಕೊಡ್ಲಿ?"

ಬ್ಯಾಂಕಿನವರು ಜೇಬಿನಿಂದ ಕೀಲಿ ತೆಗೆದರು. ಕೊಡುವ ಮೊದಲು ಅಂಗಿಯ ಚುಂಗಿನಿಂದ ಒರೆಸಿದರು. ಮಾಮ ಹಿಂದೆ ಮಾಡಿದ್ದನ್ನು ಅವರು ನೋಡಿ ಇಟ್ಟುಕೊಂಡಿದ್ದರೆಂದು ಆಗ ತಿಳಿಯಿತು. ಪುಟ್ಟಿ ಎದ್ದುಹೋಗಿ ಕಾಫಿಗೆ ನೀರಿಟ್ಟಳು.

ದಂಡ ವಸೂಲಿ ಮಾಡಲು ನರ್ಸಮ್ಮ ಮರೆಯಲಿಲ್ಲ. ಮುಂದಿನ ರಜೆಯ ದಿನ ಬೆಳಗ್ಗೆ ಕಾರು ಬೀದಿಯ ಬಾಯಿಗೆ ಬಂದು ನಿಂತಿತು. ಮಾಮ ಎಂದಿನಂತೆ ಇಳಿಯಲು ಬಾಗಿಲಿಗೆ ಕೈ ಹಾಕಿದರು. ಪಕ್ಕದ ಸೀಟಿನಲ್ಲಿದ್ದ ನರ್ಸಮ್ಮ ಕದಲಲಿಲ್ಲ. ಹಿಂದಿನ ಸೀಟಿನಲ್ಲಿ, ಗುಂಡಿ ಹಾಕಬೇಕಿದ್ದ ಅಂಗಿಗಳ ರಾಶಿಯನ್ನು ತೊಡೆಯ ಮೇಲಿಟ್ಟುಕೊಂಡು ಪುಟ್ಟಿ ಕೂತಿದ್ದಳು.

"ನಿನ್ನನ್ನ ಯಾರು ಕರೆದ್ರು?" ಎಂದರು ಮಾಮ.

"ಗೇಟು ದಾಟೋದನ್ನ ಕಣ್ಣಾರೆ ನೋಡದಿದ್ರೆ ನಾನು ನಂಬಲ್ಲ."

ಎದುರಿನಿಂದ ಒಂದು ಲಾರಿ ಹೋಯಿತು, ಒಂದು ಸೈಕಲ್ಲು, ಒಂದು ಬಸ್ಸು. ಬಸ್ಸಿನ ಕಿಟಕಿಗಳಲ್ಲಿ ಜನರಿದ್ದರು. ಅದು ಕಣ್ಮರೆಯಾಗುವ ತನಕ ಮಾಮ ನೋಡಿದರು. ಆಮೇಲೆ ಮೊದಲನೇ ಗೇರಿನಲ್ಲಿ, ನೆಲಕ್ಕೆ ನೋವಾಗದ ಹಾಗೆ, ರಸ್ತೆಗಿಳಿದರು. ಎರಡನೆಯದು. ಇಂಜಿನ್ನು ಒದರತೊಡಗಿತು.

"ಮಾಮ, ಅದು ಕೇಳ್ತಿದೆ," ಎಂದಳು ನರ್ಸಮ್ಮ.

"ಏನು ಕೇಳ್ತಿದೆ?"

"ಮೂರನೇದು."

ಕೈ ಒಂದು ಕ್ಷಣ ಗೇರಿನ ಮೇಲೆ ತಡೆಯಿತು. ಆಮೇಲೆ ಮೂರನೇ ಗೇರು ಸದ್ದಿಲ್ಲದೆ ಕೂತಿತು, ಇಷ್ಟು ವರ್ಷ ಅಲ್ಲೇ ಕಾದಿದ್ದ ಹಾಗೆ. ಇಂಜಿನ್ನಿನ ಗಲಾಟೆ ಇಳಿಯಿತು, ಕಿಟಕಿಯಿಂದ ಗಾಳಿ ಬಂತು. ಹಿಂದಿನ ಸೀಟಿನಲ್ಲಿ ಅಂಗಿಯ ತೋಳುಗಳು ಹಾರಾಡಿದವು. ಪುಟ್ಟಿ ಅವನ್ನು ಅವುಚಿ ಹಿಡಿದಳು.

ಪೆಟ್ರೋಲ್ ಪಂಪಿನಲ್ಲಿ ಎರಡು ಮೂರು ಕಾರುಗಳು ಹಿಂದೆ ಮುಂದೆ ಆಡುತ್ತಿದ್ದವು. ಪಂಪಿನ ಹುಡುಗಿ ಒಬ್ಬರಿಗೆ ಇನ್ನೂ ಮುಂದೆ, ಇನ್ನೊಬ್ಬರಿಗೆ ಆಚೆ ಸಾಲಿಗೆ ಎಂದು ಕೈ ಬೀಸುತ್ತಿದ್ದಳು. ಮಾಮ ಬಂದು ನಿಲ್ಲಿಸಿದರು. ಒಂದೇ ಸಲಕ್ಕೆ. ಟ್ಯಾಂಕಿನ ಮುಚ್ಚಳ ಪೈಪಿನ ಬಾಯಿಗೆ ಸರಿಯಾಗಿ ಎದುರಿಗೆ ಬಂದಿತ್ತು. ಹುಡುಗಿ ನಿಂತಲ್ಲಿಂದ ಹೆಜ್ಜೆ ಕದಲಿಸದೆ ಪೈಪನ್ನು ಟ್ಯಾಂಕಿಗೆ ಇಳಿಬಿಟ್ಟಳು.

"ಎಷ್ಟು ಕರೆಕ್ಟಾಗಿ ತಂದು ನಿಲ್ಲಿಸಿದ್ರಿ ತಾತ," ಎಂದಳು. "ಎಲ್ಲಿ ಓಡಿಸ್ತಿದ್ರಿ?"

ಮಾಮ ಕನ್ನಡಿಯಲ್ಲಿ ತಂಗಿಯ ಮುಖ ನೋಡಿದರು. ಆಕೆ ಗುಂಡಿಯ ರಂಧ್ರಕ್ಕೆ ಸೂಜಿ ಹಾಕುತ್ತ, ತಲೆ ಎತ್ತದೆಯೇ ಅಣ್ಣನ ಪರವಾಗಿ ಉತ್ತರ ಕೊಟ್ಟಳು.

"ಬಸ್ಸು ಕಣಮ್ಮಾ. ನಮ್ಮಣ್ಣ ಬಸ್ಸು ಓಡಿಸ್ತಿದ್ದ."